ನೂರು ರೊಟ್ಟಿಯ ಬಜೆಟ್ಟು ಕಟ್ಟಿಕೊಂಡು ಪೋರ್ಚುಗಲ್ಲಿಗೆ

ಬೈಲಹೊಂಗಲ ಬಸ್ ಸ್ಟ್ಯಾಂಡ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪೋರ್ಚುಗಲ್ಲಿಗೆ ಹೋದವರು ನೋಡಿ ಬರಬೇಕಾದ ಯಾವುದನ್ನೂ ನಾನು ನೋಡಿ ಬಂದಿಲ್ಲ. ಸಮುದ್ರ ವಿಮಾನದ ಕಿಟಕಿಯಿಂದ ಕಂಡದ್ದೇ ಬಂತು. ಅರಮನೆಗಳ ಮುಂದೆ ನಮ್ಮ ಬಸ್ಸು ನಿಲ್ಲಲಿಲ್ಲ. ನಾನು ಕಣ್ಣು ತುಂಬ ನೋಡಿದ್ದು ಒಂದು ಬ್ರೆಡ್ ಅಂಗಡಿ, ಬಟ್ಟೆ ಒಗೆಯುವ ಒಂದು ಮನೆ ಮತ್ತು ಒಂದು ಸಭಾಭವನ, ಇಷ್ಟೇ. ಆದರೂ ಮರಳಿ ಬಂದು ಇಷ್ಟು ದಿನವಾದರೂ ನೆನಪಾದಾಗಲೆಲ್ಲ ಒಬ್ಬಳೇ ನಗುತ್ತೇನೆ. ಹಾಗೆ ಒಲೆಯ ಮುಂದೆ ನಗುತ್ತ ನಿಂತು ಎರಡು ಸಲ ಹಾಲು ಉಕ್ಕಿಸಿದ್ದೇನೆ.

ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಒಂದು ದಿನ ನನ್ನ ಹಳೆಯ ವಿದ್ಯಾರ್ಥಿನಿ ಸುಮಂಗಲಾ ಫೋನು ಮಾಡಿದಳು. ಸರ್ಕಾರದ ಬಜೆಟ್ಟು ಜನರಿಗೆ ತಿಳಿಯುವ ಹಾಗೆ ಮಾಡಬೇಕೆಂದು ಓಡಾಡುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. "ಅಕ್ಕೋರ, ನಿಮ್ಮ ಕಡೆ ಪಾಸ್‌ಪೋರ್ಟ್ ಐತೇನ್ರಿ?" ಎಂದಳು. ಇತ್ತು. ಎಂದೋ ಒಮ್ಮೆ ನಾವು ನಾಲ್ಕು ಜನ ಟೀಚರುಗಳು ಸೇರಿ ಸಿಂಗಾಪುರಕ್ಕೆ ಹೋಗುವುದೆಂದು ಮಾಡಿಸಿದ್ದೆವು. ಸಿಂಗಾಪುರ ಸವದತ್ತಿಯ ಗುಡ್ಡದಲ್ಲಿ ಒಂದು ದಿನದ ಬುತ್ತಿ ಊಟವಾಗಿ ಮುಗಿದಿತ್ತು.

ವಿಷಯ ಇಷ್ಟು. ರಾಮದುರ್ಗ ತಾಲೂಕಿನಲ್ಲಿ, ಸುರೇಬಾನದ ಹತ್ತಿರದ ಒಂದು ಹಳ್ಳಿಯಲ್ಲಿ ನೀಲವ್ವ ಎಂಬ ಪಂಚಾಯತಿ ಸದಸ್ಯೆ ಇದ್ದಾಳೆ. ಹಳ್ಳಿಯ ಹೆಸರು ಬರೆಯಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಾಳೆ, ಬರೆಯುವುದಿಲ್ಲ. ಪಂಚಾಯತಿಯ ಬಜೆಟ್ಟೆಂದರೆ ಹತ್ತಾರು ಹಾಳೆ ತುಂಬ ಅಂಕಿ. ಅದನ್ನು ಗೋಡೆಗೆ ಅಂಟಿಸಿದರೂ ಓದುವವರಿಲ್ಲ. ನೀಲವ್ವ ಒಂದು ಉಪಾಯ ಮಾಡಿದಳು. ಪಂಚಾಯತಿಗೆ ಬರುವ ಹಣವೆಲ್ಲ ನೂರು ಕಡಕ್ ರೊಟ್ಟಿ ಎಂದು ತಿಳಿಯಿರಿ. ಅದರಲ್ಲಿ ನೀರಿಗೆ ಎಷ್ಟು ರೊಟ್ಟಿ, ಗಟಾರಕ್ಕೆ ಎಷ್ಟು, ಬೀದಿ ದೀಪಕ್ಕೆ ಎಷ್ಟು, ಶಾಲೆಗೆ ಎಷ್ಟು, ಪಗಾರಕ್ಕೆ ಎಷ್ಟು, 'ಇತರೆ' ಎಂಬ ಖಾತೆಗೆ ಎಷ್ಟು? ಆರು ಬುಟ್ಟಿಗಳಲ್ಲಿ ಆ ರೊಟ್ಟಿಗಳನ್ನು ಎಣಿಸಿ ಪಂಚಾಯತಿ ಕಟ್ಟೆಯ ಮೇಲೆ ಇಟ್ಟಳು. ಅಕ್ಷರ ಬಾರದವರಿಗೂ ಒಂದು ನೋಟಕ್ಕೆ ತಿಳಿಯಬೇಕು, ಹಾಗೆ. ಯಾರೋ ಅದರ ಫೋಟೋ ತೆಗೆದರು. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಪೋರ್ಚುಗಲ್ ಮುಟ್ಟಿತು. ಬಜೆಟ್ಟನ್ನು ಜನರ ಮುಂದಿಡುವ ಬೇರೆ ಬೇರೆ ದೇಶದವರೆಲ್ಲ ಅಲ್ಲಿ ಸೇರುವವರಿದ್ದರು. ನೀಲವ್ವನಿಗೂ ಕರೆ ಬಂತು. ಇಂಗ್ಲಿಷ್ ಬಲ್ಲವರು ಎಷ್ಟು ಬೇಕಾದರೂ ಸಿಗುತ್ತಾರೆ, ನೀಲವ್ವನ ಕನ್ನಡವನ್ನೂ ಬಲ್ಲವರು ಬೇಕು ಎಂದು ಸುಮಂಗಲಾ ನನ್ನನ್ನು ಹಿಡಿದಳು. ನಾನು ಒಂದು ತಾಸು ಬಿಂಕ ಮಾಡಿ ಆಮೇಲೆ ಒಪ್ಪಿದೆ. ಒಪ್ಪಿದ್ದು ಫೋನು ಎತ್ತಿದಾಗಲೇ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ನೀಲವ್ವನ ಮುಖ ಮೊದಲ ಸಲ ನೋಡಿದೆ. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ಇಳಕಲ್ ಸೀರೆ, ಕಾಲಿಗೆ ಹೊಸ ಬೂಟು. ಬೆಳಗಾವಿಯ ಬಸ್ಸಿನಲ್ಲಿ ಕುಳಿತು ಸಂಪಗಾಂವ ದಾಟುವ ಮೊದಲೇ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕೋರ, ನಿಮಗ ಒಂದ ಮಾತ ಹೇಳಬೇಕರಿ. ಆ ರೊಟ್ಟಿ ನೋಡಾಕ ಯಾರೂ ಬಂದಿಲ್ರಿ."

"ಮತ್ತ ಫೋಟೋದಾಗ ಅಷ್ಟ ಮಂದಿ ನಿಂತಾರಲ್ಲ?"

"ಅವರು ಬಸ್ಸಿಗೆ ನಿಂತಿದ್ರರಿ."

ಪಂಚಾಯತಿ ಕಟ್ಟೆಯ ಪಕ್ಕದಲ್ಲೇ ಬಸ್ಸು ನಿಲ್ಲುತ್ತದಂತೆ. ನಾನು ನಗಬೇಕೋ ಅಳಬೇಕೋ ತಿಳಿಯದೆ ಕುಳಿತೆ. ಆದರೆ ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ಅವಳ ನೆಗೆಣ್ಣಿ ಗೌರವ್ವ ಹಿಂದಿನ ವರ್ಷ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಪಾಚಿಗಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡು, ಇನ್ನೂ ಕುಂಟುತ್ತಾಳೆ. ಹಳ್ಳದ ದಂಡೆಗೆ ಮೆಟ್ಟಿಲು, ಒಗೆಯಲು ಒಂದು ಒಳ್ಳೆಯ ಕಟ್ಟೆ, ಇದನ್ನು ಈ ವರ್ಷದ ಪಟ್ಟಿಗೆ ಸೇರಿಸಿಯೇ ತೀರುತ್ತೇನೆಂದು ನೀಲವ್ವ ಓಣಿಯ ಹೆಂಗಸರಿಗೆಲ್ಲ ಮಾತು ಕೊಟ್ಟಿದ್ದಳು. ಆದರೆ ಗ್ರಾಮಸಭೆಗೆ ಜನವೇ ಬರಲಿಲ್ಲ. ಸಭೆ ಮುಂದಕ್ಕೆ ಹೋಯಿತು. ನಾವು ಮರಳಿದ ಮೇಲೆ ಒಂದು ವಾರಕ್ಕೆ ಮತ್ತೆ ಸಭೆ. ಆಗಲೂ ಜನ ಬಾರದಿದ್ದರೆ, ಬಂದಷ್ಟೇ ಜನ ಕುಳಿತು ಪಟ್ಟಿ ಪಾಸು ಮಾಡುತ್ತಾರೆ. ಯಾವಾಗಲೂ ಬರುವ ಅದೇ ಹತ್ತು ಜನ ಗಂಡಸರ ಪಟ್ಟಿಯಲ್ಲಿ ಒಗೆಯುವ ಕಟ್ಟೆ ಇರುವುದಿಲ್ಲ.

"ಮಂದೀನ ಹೆಂಗ ಕರೀಬೇಕು ಅನ್ನೂದ ಕಲತ ಬರತೇನ್ರಿ," ಎಂದಳು. "ಅದಕ್ಕ ಹೊಂಟೇನಿ. ವಿಮಾನ ಹತ್ತೂ ಹುಚ್ಚ ನನಗಿಲ್ಲ."

ಆಮೇಲೆ ತನ್ನ ಹೊಸ ಬೂಟು ನೋಡಿಕೊಂಡು, "ಸ್ವಲ್ಪ ಐತಿ," ಎಂದಳು.

ಲಿಸ್ಬನ್ ವಿಮಾನ ನಿಲ್ದಾಣ

ವಿಮಾನದಲ್ಲಿ ನೀಲವ್ವನಿಗೆ ಒಂದೇ ಚಿಂತೆ. ಊಟ ಕೊಡುವ ಹುಡುಗಿ ಅಷ್ಟು ಹೊತ್ತಾದರೂ ನಿಂತೇ ಇದ್ದಳು. "ಪಾಪ, ಆ ಹುಡುಗಿಗೆ ಸೀಟ ಸಿಕ್ಕಿಲ್ಲ," ಎಂದು ನಮ್ಮ ಬಸ್ಸುಗಳಲ್ಲಿ ಮಾಡುವ ಹಾಗೆ ನನ್ನನ್ನು ಕಿಟಕಿಗೆ ಒತ್ತರಿಸಿ, ಪಕ್ಕದಲ್ಲಿ ಒಂದು ಗೇಣು ಜಾಗ ಮಾಡಿ, ಬಡಿದು ತೋರಿಸಿ, "ಬಾರವಾ, ಕುಂದರು," ಎಂದಳು. ಆ ಹುಡುಗಿಗೆ ಭಾಷೆ ತಿಳಿಯಲಿಲ್ಲ, ಆದರೆ ವಿಷಯ ತಿಳಿಯಿತು. ಆಗಿನಿಂದ ಇಳಿಯುವ ತನಕ ನಮಗೆ ಹಣ್ಣಿನ ರಸ ಕಡಿಮೆಯಾಗಲಿಲ್ಲ.

ಲಿಸ್ಬನ್ನಿನಲ್ಲಿ ಇಳಿದು ಹೊರಗೆ ಬರುವಾಗ ಸುಂಕದ ಅಧಿಕಾರಿಯೊಬ್ಬ ನೀಲವ್ವನ ದೊಡ್ಡ ಬ್ಯಾಗು ತೆರೆಯಲು ಹೇಳಿದ. ಒಳಗೆ ಹಳೆಯ ಸೀರೆಗಳಲ್ಲಿ ಸುತ್ತಿದ ಆರು ಗಂಟುಗಳು. ಒಂದನ್ನು ಬಿಚ್ಚಿದ. ತಟ್ಟೆಯಗಲದ ಬೆಳ್ಳಗಿನ ಬಿರುಸಾದ ಹಾಳೆಗಳು. ಒಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ. ಹಂಚಿನ ಹಾಗೆ ಸದ್ದು ಬಂತು. ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು ನೀಲವ್ವನ ಮುಖ ನೋಡಿದೆ.

"ಪಂಚಾಯ್ತಿ ಬಜೆಟ್ಟ ಅನ್ನರಿ."

ನಾನು ಆ ಗಡಿಬಿಡಿಯಲ್ಲಿ ಹಾಗೆಯೇ ಹೇಳಿಬಿಟ್ಟೆ. ಇದು ನಮ್ಮ ಗ್ರಾಮ ಪಂಚಾಯತಿಯ ಬಜೆಟ್ಟು, ಸರ್. ಅವನು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮೇಲಿನವಳೊಬ್ಬಳನ್ನು ಕರೆದ. ಮೂವರೂ ನಮ್ಮ ಬಜೆಟ್ಟಿನ ಸುತ್ತ ನಿಂತರು. ನಾನು ಬೆವರುತ್ತ ಜೋಳ, ಹಿಟ್ಟು, ತಟ್ಟುವುದು, ಬೇಯಿಸುವುದು, ಒಣಗಿಸುವುದು ಎಲ್ಲವನ್ನೂ ಎಂಟನೆಯ ತರಗತಿಗೆ ಕಲಿಸಿದ ಹಾಗೆ ಕಲಿಸಿದೆ. ಮೇಲಿನವಳು ರುಚಿ ನೋಡಬಹುದೇ ಎಂದು ಕೇಳಿದಳು. ಅದಕ್ಕೆ ನೀಲವ್ವ ಕೂಡಲೇ ಇನ್ನೊಂದು ಗಂಟಿಗೆ ಕೈ ಹಾಕಿದಳು.

"ನೀರಿನ ಗಂಟ ಮುಟ್ಟಬ್ಯಾಡ್ರಿ. 'ಇತರೆ' ಒಳಗಿಂದ ಕೊಡೂಣ. ಅದರಾಗ ಯಾವಾಗೂ ಹೆಚ್ಚ ಇರತೈತಿ."

ಮೂವರೂ ಕಟಕಟ ಎಂದು ತಿಂದರು. ತಿಂದು ನಮ್ಮ ಬಜೆಟ್ಟಿಗೆ ದೇಶದೊಳಗೆ ಬರಲು ಅನುಮತಿ ಕೊಟ್ಟರು.

ಮರಿಯಾಳ ಊರು

ಲಿಸ್ಬನ್ನಿನಿಂದ ರೈಲಿನಲ್ಲಿ ಮೂರು ತಾಸು ಉತ್ತರಕ್ಕೆ ಹೋದರೆ ನಮ್ಮನ್ನು ಕರೆಸಿದ ಊರು. ಊರಿನ ಹೆಸರು ಬರೆಯಬೇಕೆಂದರೆ ನನಗೆ ಈಗಲೂ ಬರೆಯಲು ಬರುವುದಿಲ್ಲ, ಅದರ ಅರ್ಧ ಅಕ್ಷರಗಳನ್ನು ಅವರು ಮೂಗಿನಲ್ಲೇ ಇಟ್ಟುಕೊಳ್ಳುತ್ತಾರೆ. ಗುಡ್ಡದ ಮೇಲೆ ಒಂದು ಮುರುಕು ಕೋಟೆ. ನಮ್ಮ ಕಿತ್ತೂರಿನ ಕೋಟೆಯ ಮುಂದೆ ಏನೂ ಅಲ್ಲ ಎಂದು ನಾನು ಹೆಮ್ಮೆಯಿಂದ ನೀಲವ್ವನಿಗೆ ಹೇಳಿದೆ. ಅವಳು ಕಿತ್ತೂರನ್ನು ನೋಡಿಯೇ ಇರಲಿಲ್ಲ.

ನಮ್ಮನ್ನು ಕರೆದುಕೊಂಡು ಹೋಗಲು ನಗರಸಭೆಯ ಮರಿಯಾ ಬಂದಿದ್ದಳು. ಊರಿನ ಬಜೆಟ್ಟಿನಲ್ಲಿ ಒಂದು ಪಾಲನ್ನು ಜನರೇ ಆರಿಸುವ ಪದ್ಧತಿ ಅಲ್ಲಿದೆ, ಅದನ್ನು ನಡೆಸುವವಳು ಅವಳು. ಅರವತ್ತರ ಹತ್ತಿರದವಳು, ಮೋಟು ಕೂದಲು. ಬಂದವಳೇ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನನ್ನ ಗಂಡನೂ ಸ್ಟೇಷನ್ನಿನಲ್ಲಿ ಹೀಗೆ ಮಾಡಿದವರಲ್ಲ. ನಾನು ಕಂಬವಾಗಿ ನಿಂತೆ. ನೀಲವ್ವ ಮಾತ್ರ ತಿರುಗಿ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಆ ಕ್ಷಣದಿಂದ ಅವಳು ಮರಿಯವ್ವ.

ಊಟಕ್ಕೆ ಕುಳಿತಾಗ ಇನ್ನೊಂದು ಮಜಾ. ಮರಿಯಾ ಆಲೂಗಡ್ಡೆ ತೋರಿಸಿ "ಬತಾತಾ" ಎಂದಳು. ನೀಲವ್ವ ತಟ್ಟನೆ "ನಮ್ಮಲ್ಲೂ ಬಟಾಟಿನ!" ಎಂದಳು. ಬೀಗದ ಕೈ ಅವರಿಗೆ ಶಾವಿ, ನಮಗೆ ಚಾವಿ. ಹಣ ಕೊಡುವುದಕ್ಕೆ ಅವರು ಪಗಾರ್ ಅನ್ನುತ್ತಾರೆ, ನಾವು ತಿಂಗಳಿಗೊಮ್ಮೆ ಎಣಿಸುವುದು ಪಗಾರ. ಗೋವಾಕ್ಕೆ ಬಂದ ಅವರ ಹಿರಿಯರು ಘಟ್ಟ ಹತ್ತಿಸಿ ಕಳಿಸಿದ ಶಬ್ದಗಳು ಇವು. ಇವರಿಬ್ಬರೂ ಬಟಾಟಿ, ಚಾವಿ ಎನ್ನುತ್ತ ಮೇಜು ಬಡಿದು ನಗುತ್ತಿದ್ದರೆ ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದ ನಾನು ಮೂಲೆಗೆ ಬಿದ್ದೆ.

ಮರುದಿನ ಬೆಳಿಗ್ಗೆ ಮರಿಯಾ ಬ್ರೆಡ್ ಅಂಗಡಿಗೆ ಕರೆದೊಯ್ದಳು. ಆ ಊರಿನ ಬಜೆಟ್ಟನ್ನು ಬ್ರೆಡ್ಡಿನ ಕಾಗದದ ಚೀಲದ ಮೇಲೆ ಅಚ್ಚು ಹಾಕಿಸಿದ್ದರು! ನೂರು ಯೂರೋದಲ್ಲಿ ರಸ್ತೆಗೆ ಇಷ್ಟು, ಶಾಲೆಗೆ ಇಷ್ಟು, ಉದ್ಯಾನಕ್ಕೆ ಇಷ್ಟು ಎಂದು ಬಣ್ಣ ಬಣ್ಣದ ಚಿತ್ರ. ಬೆಳಿಗ್ಗೆ ಎದ್ದು ಬ್ರೆಡ್ ಕೊಳ್ಳದವರು ಅಲ್ಲಿ ಯಾರೂ ಇಲ್ಲ. ಎಂಥ ಬುದ್ಧಿ ಎಂದು ನಾನು ಕರಗಿ ನೀರಾದೆ, ನಾಲ್ಕು ಖಾಲಿ ಚೀಲ ಕೇಳಿ ಪಡೆದೆ.

ನೀಲವ್ವ ಎಲ್ಲಿ? ಅವಳು ಆಗಲೇ ಬ್ರೆಡ್ ಕೊಂಡ ಒಬ್ಬ ಅಜ್ಜನ ಬೆನ್ನು ಹತ್ತಿ ಹೋಗಿದ್ದಳು. ಹತ್ತು ನಿಮಿಷದ ಮೇಲೆ ಮರಳಿ ಬಂದಳು.

"ಮುದುಕ ಬ್ರೆಡ್ ತಗೊಂಡ, ಚೀಲ ಮುದ್ದಿ ಮಾಡಿ ಡಬ್ಬಿಗೆ ಒಗದ. ಓದಲಿಲ್ರಿ," ಎಂದಳು. "ಮತ್ತ ಇಬ್ಬರನ್ನ ನೋಡೇನಿ. ಅವರೂ ಓದಲಿಲ್ಲ. ಮರಿಯವ್ವಗ ಹೇಳಬ್ಯಾಡ್ರಿ, ನೊಂದಕೋತಾಳ."

ಒಗೆಯುವ ಮನೆ

ಸಭೆಗೆ ಒಂದು ದಿನ ಬಿಡುವಿತ್ತು. ಕೋಟೆ ನೋಡಲು ಹೊರಟ ನಾವು ಕೋಟೆಗೆ ಮುಟ್ಟಲಿಲ್ಲ. ದಾರಿಯ ಇಳಿಜಾರಿನಲ್ಲಿ ನಾಲ್ಕು ಕಂಬದ ಮೇಲೆ ಹೆಂಚು ಹೊದಿಸಿದ ಒಂದು ಮಂಟಪ. ಒಳಗೆ ಕಲ್ಲಿನ ಉದ್ದ ತೊಟ್ಟಿ, ಅದರಲ್ಲಿ ಝರಿಯ ನೀರು ಹರಿದು ಬಂದು ಹರಿದು ಹೋಗುತ್ತಿತ್ತು. ತೊಟ್ಟಿಯ ಅಂಚಿಗೆ ಸೊಂಟದೆತ್ತರಕ್ಕೆ ಇಳಿಜಾರಾಗಿ ಕೂಡಿಸಿದ ಚಪ್ಪಡಿಗಳು. ಮೂವರು ಮುದುಕಿಯರು ನಿಂತು ಕಂಬಳಿ ತಿಕ್ಕುತ್ತಿದ್ದರು.

ನೀಲವ್ವ ಅಲ್ಲೇ ನಿಂತುಬಿಟ್ಟಳು.

"ಅಕ್ಕೋರ! ಇದಽ ರೀ! ನಾ ಹೇಳಿದ್ದ ಇದಽ! ಬಗ್ಗೂದ ಬ್ಯಾಡ, ಜಾರೂದ ಬ್ಯಾಡ, ಬಿಸಲಿಲ್ಲ, ಮಳಿಲ್ಲ!"

ಚಪ್ಪಡಿಯನ್ನು ಸವರಿ ನೋಡಿದಳು, ಗೇಣು ಹಾಕಿ ಅಳೆದಳು, ಎತ್ತರಕ್ಕೆ ತನ್ನ ಸೊಂಟವನ್ನು ತಾಗಿಸಿ ನಿಂತಳು. ಸಾಲದ್ದಕ್ಕೆ ನನ್ನನ್ನು ಹೋಟೆಲಿಗೆ ಓಡಿಸಿ ತನ್ನ ಎರಡು ಸೀರೆ ತರಿಸಿದಳು. ಆ ಮುದುಕಿಯರ ನಡುವೆ ನಿಂತು, ನಮ್ಮ ಹಳ್ಳದ ಪದ್ಧತಿಯಂತೆ ಸೀರೆಯನ್ನು ತಲೆಯ ಮೇಲೆತ್ತಿ ಕಲ್ಲಿಗೆ ಬಡಿದಾಗ ಮೂವರೂ ನೆನೆದು ತೊಪ್ಪೆಯಾದರು. ಅವರಲ್ಲಿ ಹಿರಿಯವಳು ತನ್ನ ಕಂಬಳಿಯನ್ನೆತ್ತಿ ಹಾಗೆಯೇ ಬಡಿದಳು. ಆಮೇಲೆ ನಡೆದದ್ದನ್ನು ಒಗ್ಯಾಣ ಎನ್ನುವುದು ಕಷ್ಟ. ನನ್ನ ಕನ್ನಡಕದ ಒಳಗೂ ನೀರು ಹೋಗಿತ್ತು.

ಹುಡುಕುತ್ತ ಬಂದ ಮರಿಯಾ ನಮ್ಮನ್ನು ಆ ಸ್ಥಿತಿಯಲ್ಲಿ ನೋಡಿ ಕಂಬಕ್ಕೆ ಒರಗಿ ನಕ್ಕಳು. ಈ ಮನೆಯ ಕಥೆಯನ್ನೂ ಹೇಳಿದಳು. ಇದರ ಹೆಂಚಿನ ಮಾಡು ಬಿದ್ದುಹೋಗಿತ್ತಂತೆ. ಬಜೆಟ್ಟಿನಲ್ಲಿ ಏನು ಬೇಕು ಹೇಳಿ ಎಂದು ನಗರಸಭೆಗೆ ಕರೆದರೆ ಈ ಹೆಂಗಸರು ಒಬ್ಬರೂ ಬರಲಿಲ್ಲ. ಆಗ ಮರಿಯಾ ಒಂದು ಗುರುವಾರ ಕಾಗದಗಳನ್ನು ತೆಗೆದುಕೊಂಡು ತಾನೇ ಇಲ್ಲಿಗೆ ಬಂದು, ನೀರಿನ ಸದ್ದಿಗಿಂತ ದೊಡ್ಡ ದನಿ ಮಾಡಿ ಓದಿದಳು. ಇವರು ಕೈ ಒರೆಸಿಕೊಂಡು ಚೀಟಿ ಹಾಕಿದರು. ಮಂಟಪ ಎದ್ದು ನಿಂತಿತು.

ನಾನು ಇದನ್ನು ಕನ್ನಡಕ್ಕೆ ಮಾಡಿದಾಗ ನೀಲವ್ವ ಸೀರೆ ಹಿಂಡುವುದನ್ನು ನಿಲ್ಲಿಸಿ ಮರಿಯಾಳನ್ನೇ ನೋಡಿದಳು. ಆ ಗುರುವಾರದ ಕಥೆಯನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿದಳು.

ಸಭೆಯ ದಿನ

ಸಭಾಭವನದಲ್ಲಿ ದೇಶ ದೇಶದವರು. ಒಬ್ಬ ಗೊಂಬೆ ಆಡಿಸಿ ಬಜೆಟ್ಟು ಹೇಳುತ್ತಾನೆ. ಒಬ್ಬ ಹುಡುಗಿ ಮೊಬೈಲಿನಲ್ಲಿ ಆ್ಯಪ್ ಮಾಡಿದ್ದಾಳೆ. ಇನ್ನೊಬ್ಬರು ಬಸ್ಸಿಗೇ ಬಣ್ಣ ಹೊಡೆದಿದ್ದಾರೆ. ನಮ್ಮ ಸರದಿ ಚಹಾ ಆದ ಮೇಲೆ. ರೊಟ್ಟಿಯ ಗಂಟುಗಳನ್ನು ವೇದಿಕೆಗೆ ಒಯ್ಯಿರಿ ಎಂದು ಅಲ್ಲಿನ ಸ್ವಯಂಸೇವಕರಿಗೆ ಒಪ್ಪಿಸಿ ನಾವು ಕೈಕಾಲು ತೊಳೆಯಲು ಹೋದೆವು.

ಬಂದು ನೋಡಿದರೆ ನಮ್ಮ ಬಜೆಟ್ಟು ಚಹಾದ ಮೇಜಿನ ಮೇಲಿತ್ತು. ಪಕ್ಕದಲ್ಲಿ ಚೀಸು, ಆಲಿವ್ ಕಾಯಿ. ಜನ ಮುರಿದು ಮುರಿದು ತಿನ್ನುತ್ತಿದ್ದರು.

ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಮುಂದೆ ನಿಂತಳು.

"ಕುಡಿಯೂ ನೀರು ತಿಂದವರು ಯಾರು? ಕೇಳ್ರಿ."

ಕೇಳಿದೆ. ಯಾವ ಗಂಟು ಯಾವ ಖಾತೆಯೆಂದೂ ತೋರಿಸಿದೆ. ಗಡ್ಡದ ತುಂಬ ರೊಟ್ಟಿಯ ಚೂರಿದ್ದ ದೊಡ್ಡ ದೇಹದ ಒಬ್ಬ ಮೆಲ್ಲನೆ ಕೈ ಎತ್ತಿದ. ಬೀದಿ ದೀಪವನ್ನು ಇಬ್ಬರು ಹಂಚಿಕೊಂಡಿದ್ದರು. ಗಟಾರ ಬಹಳ ರುಚಿಯಾಗಿತ್ತು ಎಂದು ಒಬ್ಬ ಹೆಂಗಸು ಹೇಳಿದಳು. ಶಾಲೆ ಅರ್ಧ ಉಳಿದಿತ್ತು. ಪಗಾರದ ಗಂಟನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ. "ನಮ್ಮಲ್ಲೂ ಅದನ್ನ ಯಾರೂ ಮುಟ್ಟಾಂಗಿಲ್ರಿ," ಎಂದಳು ನೀಲವ್ವ. ಅನುವಾದ ಮಾಡಿದೆ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ನಗುವಿನಲ್ಲೇ ವೇದಿಕೆ ಹತ್ತಿದೆವು. ನೀಲವ್ವ ಖಾಲಿ ಬಟ್ಟೆಗಳನ್ನು ಹಾಸಿ, ಇಲ್ಲಿ ನೀರಿತ್ತು, ಇಲ್ಲಿ ದೀಪವಿತ್ತು ಎಂದು ಬಜೆಟ್ಟು ವಿವರಿಸಿದಳು. ನನ್ನ ಇಂಗ್ಲಿಷ್ ಬೆಣ್ಣೆಯಂತೆ ಹರಿಯುತ್ತಿತ್ತು. ಆಗ ಮರಿಯಾ ಎದ್ದು ಕೇಳಿದಳು: ನಿಮ್ಮ ರೊಟ್ಟಿ ನೋಡಲು ಎಷ್ಟು ಜನ ಬರುತ್ತಾರೆ?

"ಯಾರೂ ಬರೂದಿಲ್ರಿ," ಎಂದಳು ನೀಲವ್ವ. "ಎಲ್ಲಾ ಕೂಡಿ ಹನ್ನೊಂದ ಮಂದಿ ಬಂದಿದ್ರು. ಅದರಾಗ ಐದು ಮಂದಿ ನಮ್ಮ ಮನ್ಯಾವರು."

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮನೆಗೆ ಬೀಗರು ಬಂದಾಗ ಡಬ್ಬಿಯಲ್ಲಿ ಹಿಟ್ಟು ಸಾಲದಿದ್ದರೆ, ನಾವು ಆಗಲೇ ಉಂಡೆವು, ನೀವು ಕುಳಿತು ಉಣ್ಣಿರಿ ಎನ್ನುವ ಜನ ನಾವು. ಹೊರಗಿನವರ ಮುಂದೆ ಮನೆಯ ಕೊರತೆ ಹೇಳಬಾರದು ಎಂದು ನನ್ನ ಅವ್ವ ಕಲಿಸಿದ್ದಳು, ನಾನು ನನ್ನ ಮಕ್ಕಳಿಗೆ ಕಲಿಸಿದ್ದೆ. ಅಷ್ಟು ದೇಶದವರ ಎದುರಿಗೆ ರಾಮದುರ್ಗ, ಬೈಲಹೊಂಗಲ, ಸವದತ್ತಿ, ಕಿತ್ತೂರು ನಾಲ್ಕೂ ಊರಿನ ಮರ್ಯಾದೆ ನನ್ನ ನಾಲಿಗೆಯ ಮೇಲೆ ಬಂದು ಕುಳಿತಿತು. ನಾನು ಇಂಗ್ಲಿಷಿನಲ್ಲಿ, ಇಡೀ ಊರೇ ಬರುತ್ತದೆ, ಮುದುಕರು ಮಕ್ಕಳು ಎಲ್ಲ ಬರುತ್ತಾರೆ, ನಿಲ್ಲಲು ಜಾಗವಿರುವುದಿಲ್ಲ ಎಂದೆ.

ಸಭೆ ಚಪ್ಪಾಳೆ ತಟ್ಟಿತು.

ನೀಲವ್ವ ಸಭೆಯನ್ನು ನೋಡಿದಳು. ನನ್ನನ್ನು ನೋಡಿದಳು. "ಅಕ್ಕೋರ, ಯಾರೂ ಬರೂದಿಲ್ಲ ಅಂದ್ರ ಇವರ್ಯಾಕ ಚಪ್ಪಾಳಿ ಹೊಡದ್ರು? ನೀವ ಏನ್ ಹೇಳಿದ್ರಿ?"

ನಾನು ನೀರು ಕುಡಿದೆ.

"ನಾ ಹೇಳಿದ್ದ ಎರಡ ಮಾತ. ನೀವ ಹೇಳಿದ್ದ ಹತ್ತ ಮಾತ. ಏನ್ ಹೇಳಿದ್ರಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ವೇದಿಕೆಯಿಂದ ಇಳಿದು ಮುಂದಿನ ಸಾಲುಗಳಲ್ಲಿ ಕುಳಿತವರನ್ನು ಒಬ್ಬೊಬ್ಬರಾಗಿ ರಟ್ಟೆ ಹಿಡಿದು ಎಬ್ಬಿಸತೊಡಗಿದಳು. ಕುಡಿಯುವ ನೀರು ತಿಂದವನು ಎದ್ದ. ಗೊಂಬೆಯವನು ಎದ್ದ. ಜನ ನಗುತ್ತ ಎದ್ದು ಗೋಡೆಗೆ ಸರಿದರು. ಹಿಂದಿನ ಸಾಲುಗಳೂ ಖಾಲಿಯಾದವು. ಅಷ್ಟು ದೊಡ್ಡ ಭವನದಲ್ಲಿ ಹನ್ನೊಂದು ಜನರನ್ನು ಮಾತ್ರ ಕುಳ್ಳಿರಿಸಿ, ಬೆರಳು ಮಾಡಿ ಎಣಿಸಿ ತೋರಿಸಿದಳು. ಆಮೇಲೆ ಎರಡೂ ಕೈ ಚಾಚಿ ಖಾಲಿ ಕುರ್ಚಿಗಳನ್ನೆಲ್ಲ ತೋರಿಸಿ, ಎದೆಗೆ ಬಡಿದುಕೊಂಡು, "ನಮ್ಮ ಊರು," ಎಂದಳು.

ಯಾವ ಭಾಷಾಂತರವೂ ಬೇಕಾಗಲಿಲ್ಲ. ನಗು ನಿಂತಿತು. ಮಕ್ಕಳ ಭಾಷಾಂತರದಲ್ಲಿ ಒಂದು ಪದ ಹೆಚ್ಚಾದರೆ ಕೆಂಪು ಗೀಟು ಹಾಕಿದವಳು ನಾನು. ನಾಚಿಕೆಯಿಂದ ಮುಖ ಉರಿಯುತ್ತಿತ್ತು. ಮೈಕು ಹಿಡಿದು, ನಾನು ಹೇಳಿದ್ದು ಸುಳ್ಳು, ಇವಳು ತೋರಿಸಿದ್ದು ನಿಜ ಎಂದೆ. ಬಸ್ಸಿಗೆ ನಿಂತವರ ಫೋಟೋದ ಕಥೆಯನ್ನೂ ಹೇಳಿದೆ. ಜನರ ಮುಂದೆ ಎಲ್ಲವನ್ನೂ ತೆರೆದಿಡಬೇಕು ಎನ್ನುವವರ ಸಭೆಗೆ ಬಂದು ಮುಚ್ಚಿಟ್ಟವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಒಬ್ಬಳೇ ಆಗಿರಲಿಲ್ಲ. ಗೋಡೆಗೆ ನಿಂತಿದ್ದ ಮರಿಯಾ, ನಮ್ಮ ಬ್ರೆಡ್ಡಿನ ಚೀಲ ಯಾರೂ ಓದುವುದಿಲ್ಲ ಎಂದಳು. ಅಚ್ಚು ಹಾಕಿಸಲು ಶುರು ಮಾಡಿದ ಮೇಲೆ ನಾನು ಒಗೆಯುವ ಮನೆಗೆ ಹೋಗುವುದನ್ನೇ ಬಿಟ್ಟೆ, ಚೀಲ ಹೋಗುತ್ತದಲ್ಲ ಎಂದುಕೊಂಡೆ ಎಂದಳು. ಆ್ಯಪ್ ಮಾಡಿದ ಹುಡುಗಿ, ಅದನ್ನು ಮೊಬೈಲಿಗೆ ಇಳಿಸಿಕೊಂಡವರಲ್ಲಿ ಹೆಚ್ಚಿನವರು ನಮ್ಮ ಆಫೀಸಿನವರೇ ಎಂದಳು. ಗೊಂಬೆಯವನು, ಮಕ್ಕಳು ಗೊಂಬೆ ನೋಡಿ ಬಜೆಟ್ಟು ಬರುವ ಹೊತ್ತಿಗೆ ಎದ್ದು ಹೋಗುತ್ತವೆ ಎಂದ. ಒಬ್ಬೊಬ್ಬರು ಬಾಯಿ ತೆರೆದ ಹಾಗೆಲ್ಲ ನಗು ಏರುತ್ತ ಹೋಯಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅಷ್ಟು ಹಗುರಾಗಿ ನಾನು ಎಂದೂ ನಕ್ಕಿಲ್ಲ.

ನೀಲವ್ವ ಕಣ್ಣೊರೆಸಿಕೊಳ್ಳುತ್ತಿದ್ದ ಮರಿಯಾಳ ಕೈ ಹಿಡಿದಳು. "ಅಳಬ್ಯಾಡ ಮರಿಯವ್ವಾ. ಮಂದಿ ನಮ್ಮ ಕಡೆ ಬರೂದಿಲ್ಲ. ನಾವಽ ಹೋಗೂಣ. ನೀ ನಿನ್ನ ತೊಟ್ಟಿಗೆ ಹೋಗು, ನಾ ನನ್ನ ಹಳ್ಳಕ್ಕ ಹೋಗತೇನಿ."

ಈ ಸಲ ಒಂದು ಪದವನ್ನೂ ಹೆಚ್ಚು ಮಾಡದೆ ಹೇಳಿದೆ.

ಸುರೇಬಾನದ ಹತ್ತಿರದ ಹಳ್ಳ

ಊರಿಗೆ ಬಂದು ಎರಡು ದಿನ ಮಲಗಿ ಎದ್ದು, ಮೂರನೆಯ ದಿನ ಬಸ್ಸು ಹಿಡಿದು ನೀಲವ್ವನ ಹಳ್ಳಿಗೆ ಹೋದೆ. ಅವಳು ಮನೆಯಲ್ಲಿರಲಿಲ್ಲ. ಹಳ್ಳದಲ್ಲಿದ್ದಳು. ಹೆಂಗಸರು ಸಾಲಾಗಿ ಬಗ್ಗಿ ಬಟ್ಟೆ ಒಗೆಯುತ್ತಿದ್ದರು. ನಡುವೆ ಒಂದು ಬಂಡೆಯ ಮೇಲೆ ಕುಳಿತು ನೀಲವ್ವ ಪಂಚಾಯತಿಯ ಕಾಗದ ಕೈಯಲ್ಲಿ ಹಿಡಿದಿದ್ದಳು. ನನ್ನನ್ನು ಕಂಡ ಕೂಡಲೇ ಕಾಗದ ನನ್ನ ಕೈಗೆ ಬಂತು. ಮೂರು ದಿನ ನಾನು ಆ ಹಳ್ಳದಲ್ಲಿ ಬಜೆಟ್ಟು ಓದಿದೆ. ಬಟ್ಟೆ ಬಡಿಯುವ ಸದ್ದಿಗಿಂತ ಮೇಲೆ ದನಿ ಏರಿಸಿ, ತರಗತಿಯಲ್ಲೂ ಅಷ್ಟು ಕಿರುಚಿರಲಿಲ್ಲ.

ಮೊದಲ ದಿನ ಯಾರೂ ತಲೆ ಎತ್ತಲಿಲ್ಲ. ಎರಡನೆಯ ದಿನ ಒಬ್ಬಳು ಒಗೆಯುವುದನ್ನು ನಿಲ್ಲಿಸಿ, "ಇತರೆ ಅಂದ್ರ ಏನ್ರಿ ಅಕ್ಕೋರ?" ಎಂದಳು. ನನಗೆ ಗೊತ್ತಿಲ್ಲ ಎಂದೆ. "ಮತ್ತ ಯಾರಿಗೆ ಗೊತ್ತೈತಿ?" ಸಭೆಯಲ್ಲಿ ಕೇಳಬೇಕು ಎಂದಳು ನೀಲವ್ವ. ಮೂರನೆಯ ದಿನ ಪ್ರಶ್ನೆ ಕೇಳಲು ಸೋಪಿನ ನೊರೆಯ ಕೈಗಳು ಒಂದಾದ ಮೇಲೊಂದು ಏಳುತ್ತಿದ್ದವು.

ಗ್ರಾಮಸಭೆಯ ದಿನ ಪಂಚಾಯತಿಯ ಅಂಗಳದಲ್ಲಿ ಅಧಿಕಾರಿಗಳು ಹಾಕಿಸಿದ ಕುರ್ಚಿಗಳು ಅರ್ಧ ಗಂಟೆಯಲ್ಲಿ ತುಂಬಿದವು. ಆಮೇಲೆ ಜಮಖಾನೆ ತುಂಬಿತು, ಪಕ್ಕದಲ್ಲಿ ಬಂದು ನಿಂತ ಟ್ರ್ಯಾಕ್ಟರಿನ ಟ್ರೇಲರೂ ತುಂಬಿತು. ಹೆಂಗಸರು ಬಂದರೆಂದು ಗಂಡಸರೂ ಬಂದರು. ಬಸ್ಸು ಬಂತು, ಹೋಯಿತು, ನಿಂತವರು ಹತ್ತಲಿಲ್ಲ. 'ಇತರೆ' ಎಂದರೇನು ಎಂಬ ಪ್ರಶ್ನೆಗೆ ಅಧಿಕಾರಿ ಒಂದು ತಾಸು ಉತ್ತರ ಹೇಳಬೇಕಾಯಿತು. ನಾನು ಪೋರ್ಚುಗಲ್ಲಿನವರಿಗೆ ತೋರಿಸಲು ಮೊಬೈಲು ಎತ್ತಿ ಹಿಡಿದು ಕುಣಿಯುವುದೊಂದು ಬಾಕಿ.

ನೀಲವ್ವ ಎದ್ದು ಒಗೆಯುವ ಕಟ್ಟೆಯ ಮಾತನ್ನಿಟ್ಟಳು. ಚಪ್ಪಾಳೆ ಬಿತ್ತು. ಗೆದ್ದೆವು ಎಂದುಕೊಂಡೆ.

ಆಗ ಹಳ್ಳದಲ್ಲಿ ಮೊದಲ ಪ್ರಶ್ನೆ ಕೇಳಿದ ಮಾಬೂಬಿ ಎದ್ದಳು. "ನೀಲವ್ವಕ್ಕ, ಸಿಟ್ಟ ಮಾಡಕೋಬ್ಯಾಡ್ರಿ. ಒಗಿಯೂ ಮುಂದ ನಾವ ದಿನಾ ನೋಡತೇವಿ. ಮಳಿಗಾಲದಾಗ ಸಾಲಿ ಹುಡುಗೂರು ಅದಽ ಹಳ್ಳ ದಾಟಿ ಬರತಾವು. ನಾವ ಜಾರಿದ್ರ ಕಾಲ ಮುರೀತೈತಿ. ಅವು ಜಾರಿದ್ರ ತೇಲಿ ಹೋಗತಾವು. ರೊಕ್ಕ ಒಂದಕ್ಕಽ ಸಾಲತೈತಿ ಅಂತ ಅಕ್ಕೋರ ಓದ್ಯಾರ. ಮೊದಲ ಹುಡುಗೂರಿಗೆ ಒಂದ ಸಣ್ಣ ಪೂಲ ಆಗಲಿ. ಕಟ್ಟಿ ಬರೂ ವರ್ಷ."

ಸೇತುವೆಗೆ ಒಪ್ಪುವವರು ಕೈ ಎತ್ತಿರಿ ಎಂದರು ಅಧಿಕಾರಿ. ಮೊದಲು ಎದ್ದ ಕೈ ನೀಲವ್ವನ ನೆಗೆಣ್ಣಿ, ಕಾಲು ಮುರಿದುಕೊಂಡಿದ್ದ ಗೌರವ್ವನದು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ನೀಲವ್ವ ಒಂದು ಗಳಿಗೆ ಆ ಕೈಗಳನ್ನೇ ನೋಡುತ್ತ ನಿಂತಳು. ನನಗೆ ಅಳು ಬಂತು, ಆ ಕಟ್ಟೆಗಾಗಿಯೇ ಅಷ್ಟು ದೂರ ಹೋಗಿ ಬಂದವಳು ಅವಳು. ಆಮೇಲೆ ಅವಳೂ ಕೈ ಎತ್ತಿದಳು.

ಸಭೆ ಮುಗಿಯುವ ಹೊತ್ತಿಗೆ ನನ್ನ ಮೊಬೈಲಿಗೆ ಮರಿಯಾಳ ಸಂದೇಶ ಬಂದಿತ್ತು. ಇವತ್ತು ಸಭೆ ಅಲ್ಲವೇ, ಗೆದ್ದಿರಾ ಎಂದು ಕೇಳಿದ್ದಳು. ನನ್ನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ, ಗೆದ್ದೆವು, ದೊಡ್ಡ ಗೆಲುವು ಎಂದು ಟೈಪು ಮಾಡತೊಡಗಿತ್ತು. ನಿಲ್ಲಿಸಿದೆ. ಜಮಖಾನೆ ಮಡಚುತ್ತಿದ್ದ ನೀಲವ್ವನ ಹತ್ತಿರ ಹೋಗಿ ಏನು ಬರೆಯಲಿ ಎಂದು ಕೇಳಿದೆ.

ಅವಳು ಬೆವರು ಒರೆಸಿಕೊಂಡು ಅಂಗಳವನ್ನೊಮ್ಮೆ ನೋಡಿದಳು. ಜನ ಇನ್ನೂ ಹೋಗಿರಲಿಲ್ಲ. ಗುಂಪು ಗುಂಪಾಗಿ ನಿಂತು ಪೂಲ ಎಲ್ಲಿ ಬರಬೇಕು ಎಂದು ಜಗಳಾಡುತ್ತಿದ್ದರು. ನೀಲವ್ವ ಒಮ್ಮೆಲೇ ನಕ್ಕಳು.

"ಇದ್ದದ್ದ ಬರೀರಿ ಅಕ್ಕೋರ. ನೀಲವ್ವ ಸೋತಳು, ಆದ್ರ ಇನ್ನೊಬ್ಬರಿಗೆ ಕೂಡಾಕ ಜಾಗ ಇರಲಿಲ್ಲ ಅಂತ ಬರೀರಿ."

ಹಾಗೆಯೇ ಬರೆದು ಕಳಿಸಿದೆ.